ಕಟರ್ ಹೆಡ್ ಕೊಳ್ಳುವ ಮೊದಲು ಸ್ಟಾರ್ಟರ್ ನೋಡಿ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಊರುಗಳಲ್ಲಿ ಮರಗೆಲಸದ ಅಂಗಡಿ ಇಡಲು ಬೇಕಾದ್ದು ಹೆಚ್ಚೇನಿಲ್ಲ. ಮೇಲೊಂದು ಶೀಟಿನ ಮಾಡು, ಅದರಡಿ ಕಬ್ಬಿಣದ ಮೇಜಿಗೆ ಕೂರಿಸಿದ ದುಂಡು ಗರಗಸ, ಬೆಲ್ಟಿನಿಂದ ಅದನ್ನು ತಿರುಗಿಸುವ ಮೋಟರು, ಗೋಡೆಗೆ ಒರಗಿಸಿಟ್ಟ ಬೇವು, ಹಲಸು, ಹೊನ್ನೆ ಹಲಗೆಗಳು. ಹಲಗೆ ಸೀಳುವುದು, ರೀಪು ತೆಗೆಯುವುದು, ದಾರಂದಕ್ಕೆ ಬಾಗಿಲು ಕೂರುವ ಕಚ್ಚು ಹೊಡೆಯುವುದು ಎಲ್ಲವೂ ಆ ಒಂದೇ ಮೇಜಿನ ಮೇಲೆ ಆಗಬೇಕು. ಈಗ ಅದರ ಮೇಲೆ ಇನ್ನೊಂದು ಕೆಲಸ ಬಂದು ಕೂತಿದೆ. ಅದು ಬೀಡಿಂಗ್. ಮನೆ ಕಟ್ಟಿಸುವವರು ಮೊಬೈಲಿನಲ್ಲಿ ಪ್ಯಾನೆಲ್ ಬಾಗಿಲಿನ ಚಿತ್ರ ತೋರಿಸಿ, ಅಂಚಿನ ಏರಿಳಿತ, ಗುಂಡು, ಗೆರೆ ಎಲ್ಲ ಹೀಗೇ ಬರಬೇಕು ಅನ್ನುತ್ತಾರೆ.

ಹಿಂದೆ ಇಂಥ ಕೆಲಸಕ್ಕೆ ಆಚಾರ್ರು ಬೇರೆಯೇ ಹತ್ತರಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಬೇಕಾದ ಆಕಾರಕ್ಕೆ ತಕ್ಕಂತೆ ಅಲಗಿಗೆ ಸಾಣೆ ಹಿಡಿದು, ಅಡಿಯ ಮರವನ್ನೂ ಅದಕ್ಕೆ ಹೊಂದುವಂತೆ ಕೊರೆದ ಹತ್ತರಿ. ಒಂದು ಆಕಾರಕ್ಕೆ ಒಂದು. ಬೆವರು ಸುರಿಸಿ ಎಳೆದೆಳೆದು ಮಾಡುವ ಕೆಲಸ ಅದು. ಒಂದು ಬಾಗಿಲಿನ ಬೀಡಿಂಗಿಗೆ ಅಷ್ಟು ಹೊತ್ತು ಕೊಟ್ಟರೆ ಇವತ್ತಿನ ಕೂಲಿ ಲೆಕ್ಕದಲ್ಲಿ ಯಾರಿಗೂ ಗಿಟ್ಟದು. ಹೀಗಾಗಿ ಕಣ್ಣು ಮೋಲ್ಡಿಂಗ್ ಕಟರ್ ಹೆಡ್ ಮೇಲೆ ಬೀಳುತ್ತದೆ. ಇರುವ ಗರಗಸದ ಬಿಲ್ಲೆ ಬಿಚ್ಚಿ ಅದೇ ಶಾಫ್ಟಿಗೆ ಇದನ್ನು ಹಾಕಿದರೆ ಸಾಕು, ಬೀಡಿಂಗ್ ಬರುತ್ತದೆ ಅನ್ನುತ್ತಾರೆ ಮಾರುವವರು. ಬರುವುದೇನೋ ನಿಜ. ಆದರೆ ಆ ಡಬ್ಬಿಯೊಳಗಿನ ಎಚ್ಚರಿಕೆಯ ಕಾಗದ ಕನ್ನಡದಲ್ಲಿ ಇರುವುದಿಲ್ಲ. ಈ ಬರಹಕ್ಕೆ ಅದೇ ಕಾರಣ.

ಕಟರ್ ಹೆಡ್ ಅಂದರೆ ಸುಮಾರು ಒಂದು ಇಂಚು ದಪ್ಪದ ಉಕ್ಕಿನ ಗಟ್ಟಿ ಬಿಲ್ಲೆ. ಅದರ ಸುತ್ತ ಸಮ ಅಂತರದಲ್ಲಿ ಮೂರು ಕಚ್ಚುಗಳನ್ನು ಕೊರೆದಿರುತ್ತಾರೆ. ಒಂದೊಂದು ಕಚ್ಚಿನಲ್ಲಿ ಒಂದೊಂದು ಅಲಗು ಕೂರಿಸಿ ಅಲನ್ ಸ್ಕ್ರೂನಿಂದ ಬಿಗಿಯುವುದು. ಅಲಗಿನ ತುದಿಯಲ್ಲಿ ನಮಗೆ ಬೇಕಾದ ಆಕಾರ ತಲೆಕೆಳಗಾಗಿ ಇರುತ್ತದೆ. ಆಕಾರ ಬದಲಾಗಬೇಕಾದರೆ ಮೂರೂ ಅಲಗು ಬದಲಿಸಬೇಕು, ಹೆಡ್ ಅದೇ ಇರುತ್ತದೆ. ಅಮೆರಿಕದ ಸಿಯರ್ಸ್ ಕಂಪನಿ ಕ್ರಾಫ್ಟ್ಸ್‌ಮನ್ ಹೆಸರಿನಲ್ಲಿ ಇಂಥ ಏಳು ಇಂಚಿನ ಹೆಡ್‌ಗಳನ್ನು ದಶಕಗಳ ಕಾಲ ಮಾರಿತು. ಅಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಮಾಡುವವರ ಕೈಯಲ್ಲೂ ಇದು ಓಡಾಡಿದೆ. ಆಮೇಲೆ ಸಣ್ಣ ಬಿಟ್ ತಿರುಗಿಸಿ ಅಂಚು ಕೊರೆಯುವ ಕೈಯಂತ್ರ, ಅಂದರೆ ರೂಟರ್ ಬಳಕೆ ಹೆಚ್ಚಿತು, ಇದರ ಬಳಕೆ ತಗ್ಗಿತು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಲೆಕ್ಕ ಹಾಕದೆ ಈ ಸಾಮಾನಿನ ಸ್ವಭಾವ ಅರ್ಥವಾಗುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮೋಟರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಮೋಟರಿಗೆ ಆರಿಂಚಿನ ಪುಲ್ಲಿ, ಶಾಫ್ಟಿಗೆ ಮೂರಿಂಚಿನ ಪುಲ್ಲಿ ಹಾಕಿದರೆ ಶಾಫ್ಟು 2880 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 48 ಸುತ್ತು. ಏಳು ಇಂಚಿನ ಹೆಡ್‌ನ ಅಂಚು ಆಗ ಗಂಟೆಗೆ ಹೆಚ್ಚುಕಡಿಮೆ 96 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. 50 ಗ್ರಾಂ ತೂಕದ ಒಂದು ಅಲಗು ನಡುವಿನಿಂದ ಏಳೂವರೆ ಸೆಂಟಿಮೀಟರ್ ದೂರದಲ್ಲಿದ್ದರೆ, ಅದು ಸುಮಾರು 35 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತಿರುತ್ತದೆ. ಅದನ್ನು ಹಿಡಿದಿರುವುದು ಒಂದು ಸಣ್ಣ ಸ್ಕ್ರೂ. ಸುತ್ತು ಎರಡರಷ್ಟಾದರೆ ಈ ಜಗ್ಗು ನಾಲ್ಕರಷ್ಟಾಗುತ್ತದೆ. ಆದ್ದರಿಂದ ಹೆಡ್ ಮೇಲೆ ಅಚ್ಚು ಹಾಕಿರುವ ಗರಿಷ್ಠ ಆರ್‌ಪಿಎಂ ಎಷ್ಟು, ನಮ್ಮ ಶಾಫ್ಟು ತಿರುಗುವುದು ಎಷ್ಟು ಎಂಬುದು ಗೊತ್ತಿಲ್ಲದೆ ಹೆಡ್ ಹಾಕಲೇಬಾರದು. ಹೆಡ್ ಮೇಲೆ ಆರ್‌ಪಿಎಂ ಬರೆದೇ ಇಲ್ಲ ಅಂದರೆ ಅದನ್ನು ಕೊಳ್ಳಲೇಬೇಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಾರ್ಬಲ್ ಕಟರನ್ನು ಪ್ಲೈವುಡ್ ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು ಅದನ್ನೇ ಟೇಬಲ್ ಸಾ ಮಾಡಿಕೊಳ್ಳುವ ರೂಢಿ ಹಳ್ಳಿ ಪೇಟೆ ಎಲ್ಲೆಡೆ ಬಂದಿದೆ. ಆ ಯಂತ್ರ ನಿಮಿಷಕ್ಕೆ 12,000 ಸುತ್ತಿಗೂ ಮೇಲೆ ತಿರುಗುತ್ತದೆ. ಅದಕ್ಕಾಗಲಿ, ಗ್ರೈಂಡರಿಗಾಗಲಿ ಅಲಗು ಕೂರಿಸುವ ಯಾವ ಕಟರನ್ನೂ ಹಾಕಬೇಡಿ. ಅಲಗು ಕಿತ್ತು ಹಾರಿದರೆ ಎದುರಿಗಿರುವುದು ಹೊಟ್ಟೆ. ಪೇಟೆಯಲ್ಲಿ ಸಿಗುವ ಸಣ್ಣ ಕಂಪನಿ ಟೇಬಲ್ ಸಾಗಳ ಶಾಫ್ಟು ಕೂಡ ಇದಕ್ಕೆ ಸಾಲುವಷ್ಟು ಉದ್ದ ಇರುವುದಿಲ್ಲ. ಹೆಡ್ ಹಾಕಿದ ಮೇಲೆ ನಟ್ಟಿನ ಪೂರ್ತಿ ದಪ್ಪಕ್ಕೂ ಥ್ರೆಡ್ ಹಿಡಿಯಬೇಕು. ಎರಡು ಸುತ್ತು ಹಿಡಿದಿದೆ, ಸಾಕು ಅನ್ನುವ ಮಾತೇ ಬೇಡ.

ಗರಗಸದ ಹಲ್ಲು ತೆಳುವಾಗಿ ಕೊರೆಯುತ್ತದೆ. ಈ ಹೆಡ್ ಅಗಲವಾಗಿ ಕೆರೆಯುತ್ತದೆ. ಅದರಿಂದ ಎರಡು ತೊಂದರೆ. ಮರವನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚು, ಇದು ಒಂದು. ಎರಡನೆಯದು ಇನ್ನೂ ಕೆಟ್ಟದ್ದು. ಗರಗಸದ ಮೇಲಿನ ಮುಚ್ಚಳವನ್ನೂ ಹಿಂದಿನ ಸೀಳುಪಟ್ಟಿಯನ್ನೂ ತೆಗೆಯದೆ ಇದನ್ನು ಬಳಸಲು ಆಗುವುದಿಲ್ಲ. ಕೈಗೆ ಅತಿ ಹೆಚ್ಚು ಕಾವಲು ಬೇಕಾದ ಕೆಲಸದಲ್ಲೇ ಕಾವಲು ಇಲ್ಲವಾಗುತ್ತದೆ. ಗರಗಸಕ್ಕೆ ಬೆರಳು ತುಂಡಾದರೆ ಅದನ್ನು ಮತ್ತೆ ಜೋಡಿಸುವ ಡಾಕ್ಟರುಗಳಿದ್ದಾರೆ. ಈ ಹೆಡ್ಡಿಗೆ ಸಿಕ್ಕಿದ ಬೆರಳು ನುಚ್ಚಾಗುತ್ತದೆ, ಜೋಡಿಸಲು ಉಳಿಯುವುದೇ ಕಡಿಮೆ. ಯುರೋಪಿನಲ್ಲಿ ಕೈಯಿಂದ ಮರ ತಳ್ಳುವ ಯಂತ್ರಗಳ ಕಟರಿನಲ್ಲಿ ಅಲಗಿನ ಮುಂದೊಂದು ತಡೆ ಇಟ್ಟು, ಅಲಗು ಅದಕ್ಕಿಂತ 1.1 ಮಿಲಿಮೀಟರಿಗಿಂತ ಹೆಚ್ಚು ಚಾಚದಂತೆ ಮಾಡಿರುತ್ತಾರೆ. ಒಂದು ಅಲಗು ಒಂದು ಸಲಕ್ಕೆ ಕಚ್ಚುವುದು ಅಷ್ಟೇ. ಮರಕ್ಕೂ ಅಷ್ಟೇ, ಕೈಗೂ ಅಷ್ಟೇ. ಹಳೇ ಮಾದರಿಯ ಹೆಡ್‌ಗಳಲ್ಲಿ ಆ ತಡೆ ಇಲ್ಲ.

ಇಷ್ಟು ಹೇಳಿದ ಮೇಲೆ ಮೊದಲು ನೋಡಬೇಕಾದ್ದು ಹೆಡ್ ಅಲ್ಲ, ಗೋಡೆಯ ಮೇಲಿನ ಸ್ವಿಚ್ಚು. ಎಷ್ಟೋ ಅಂಗಡಿಗಳಲ್ಲಿ ಗರಗಸದ ಮೋಟರಿಗೆ ಬರೀ ಮೇನ್ ಸ್ವಿಚ್ ಇರುತ್ತದೆ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ. ಸ್ವಿಚ್ ಆಫ್ ಮಾಡುವುದು ಮರೆತು, ಸಿಕ್ಕಿದ ಹೊತ್ತಿನಲ್ಲಿ ಅಲಗು ಬದಲಿಸೋಣ ಅಂತ ಮೇಜಿನ ಬಾಯಿಗೆ ಕೈ ಹಾಕಿದಾಗ ಕರೆಂಟ್ ಬಂದರೆ? ಬೋರ್‌ವೆಲ್ ಇರುವ ರೈತರಿಗೆ ಇದರ ಪರಿಹಾರ ಚೆನ್ನಾಗಿ ಗೊತ್ತು. ಪಂಪ್‌ಸೆಟ್ಟಿಗೆ ಹಾಕುವ, ಹಸಿರು ಕೆಂಪು ಗುಂಡಿಯ ಸ್ಟಾರ್ಟರಿನಲ್ಲಿ ಒಂದು ಕಾಯಿಲ್ ಇರುತ್ತದೆ. ಕರೆಂಟ್ ಹೋದ ಕೂಡಲೇ ಅದು ಸಂಪರ್ಕ ಬಿಡುತ್ತದೆ, ಮತ್ತೆ ಬಂದರೂ ಹಸಿರು ಗುಂಡಿ ಒತ್ತದೆ ಮೋಟರು ಓಡುವುದಿಲ್ಲ. ರಾತ್ರಿ ಕರೆಂಟಿಗೆ ಎದ್ದು ಹೋಗಲಾರದೆ ರೈತರು ಅದರ ಮೇಲೆ ಆಟೋ ಸ್ವಿಚ್ ಹಾಕಿಸಿಕೊಳ್ಳುತ್ತಾರೆ. ಪಂಪಿಗೆ ಸರಿ, ಗರಗಸಕ್ಕೆ ಆಟೋ ಸ್ವಿಚ್ಚಿನ ನೆನಪೂ ಬರಬಾರದು. ಮೋಟರಿನ ಹೆಚ್‌ಪಿಗೆ ಹೊಂದುವ ಸ್ಟಾರ್ಟರನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ, ಕೆಂಪು ಗುಂಡಿ ತೊಡೆಗೋ ಮೊಣಕಾಲಿಗೋ ಸಿಗುವಂತೆ ಮೇಜಿಗೇ ಬಿಗಿಸಿ. ಎರಡೂ ಕೈ ಮರದ ಮೇಲಿರುವಾಗ ಯಂತ್ರ ನಿಲ್ಲಿಸಲು ಬೇರೆ ದಾರಿ ಇಲ್ಲ.

ಇನ್ನೊಂದು ಅಪಾಯವನ್ನು ಪೇಟೆಯ ಪುಸ್ತಕಗಳು ಬರೆಯುವುದಿಲ್ಲ. ಊರಿನ ಟ್ರಾನ್ಸ್‌ಫಾರ್ಮರ್, ಅಂದರೆ ಟಿ.ಸಿ., ಸುಟ್ಟು ಬೇರೆ ಕೂರಿಸಿದಾಗ ಅಥವಾ ಕಂಬದಲ್ಲಿ ತಂತಿ ಬದಲಿಸಿದಾಗ ತ್ರೀ ಫೇಸಿನ ಎರಡು ಲೈನು ಅದಲುಬದಲಾದರೆ ಮೋಟರು ಹಿಂದುಮುಂದಾಗಿ ತಿರುಗುತ್ತದೆ. ಪಂಪಾದರೆ ನೀರು ಸರಿಯಾಗಿ ಬರುವುದಿಲ್ಲ, ರೈತ ಕೂಡಲೇ ಕಂಡುಹಿಡಿಯುತ್ತಾನೆ. ಗರಗಸದ ಶಾಫ್ಟು ತಿರುಗುಮುರುಗಾದರೆ ಅಲಗಿನ ಬೆನ್ನು ಮರಕ್ಕೆ ಬಡಿಯುತ್ತದೆ, ಮರ ಕೈಯಿಂದ ಕಿತ್ತುಕೊಂಡು ಆಚೆಗೆ ಹಾರುತ್ತದೆ. ಸಾಲದ್ದಕ್ಕೆ, ಸರಿ ದಿಕ್ಕಿನಲ್ಲಿ ತಾನಾಗಿ ಬಿಗಿಯುವಂತೆ ಮಾಡಿದ ನಟ್ಟು ಈಗ ಸಡಿಲಗೊಳ್ಳುತ್ತದೆ. ಊರಿನಲ್ಲಿ ಟಿ.ಸಿ. ಕೆಲಸ ನಡೆದ ದಿನ, ಹೆಡ್ಡಾಗಲಿ ಬಿಲ್ಲೆಯಾಗಲಿ ಹಾಕುವ ಮುಂಚೆ ಬರೀ ಶಾಫ್ಟನ್ನು ಒಂದು ಕ್ಷಣ ಓಡಿಸಿ ದಿಕ್ಕು ನೋಡಿ. ಶಾಫ್ಟಿನ ಮೇಲಿನ ಮೈ ನಿಂತವನ ಕಡೆಗೆ ತಿರುಗಬೇಕು.

ಅಲಗು ಕೂರಿಸುವುದನ್ನು ಹತ್ತಿರದಿಂದ ನೋಡೋಣ. ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಜೇಬಿನಲ್ಲಿ ಫ್ಯೂಸ್ ಇದ್ದರೆ ಬೇರೆ ಯಾರೂ ಬಂದು ಯಂತ್ರ ಹಾಕಲಾರರು. ಹೆಡ್ಡಿನ ಕಚ್ಚುಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಅಲ್ಲಿ ಹೊಟ್ಟಿನ ಒಂದು ಕಾಳು ಉಳಿದರೂ ಅಲಗು ಒಂದು ಕೂದಲೆಳೆ ಎದ್ದು ಕೂರುತ್ತದೆ. ಹಾಗೆ ಎದ್ದ ಒಂದೇ ಅಲಗು ಎಲ್ಲ ಕೆಲಸ ಮಾಡಿ ಉಳಿದೆರಡು ಸುಮ್ಮನೆ ತಿರುಗುತ್ತವೆ. ಮರವನ್ನು ನಿಮಿಷಕ್ಕೆ ಆರು ಮೀಟರ್ ತಳ್ಳುತ್ತಿದ್ದೀರಿ ಅನ್ನೋಣ. ಮೂರೂ ಅಲಗು ಕಡಿದರೆ ಗುರುತುಗಳ ನಡುವೆ 0.7 ಮಿಲಿಮೀಟರ್ ಅಂತರ, ಉಪ್ಪುಕಾಗದದ ಒಂದೆರಡು ಉಜ್ಜಿಗೆ ಹೋಗುತ್ತದೆ. ಒಂದೇ ಅಲಗು ಕಡಿದರೆ ಎರಡು ಮಿಲಿಮೀಟರ್, ಬೀಡಿಂಗ್ ಉದ್ದಕ್ಕೂ ಅಲೆಅಲೆಯಾಗಿ ಕಾಣುತ್ತದೆ. ಪಾಲಿಶ್ ಹೊಡೆದ ಮೇಲಂತೂ ಎದ್ದು ಕಾಣುತ್ತದೆ. ಮೂರು ಅಲಗೂ ಒಂದೇ ಸೆಟ್ಟಿನವು ಆಗಿರಬೇಕು, ಒಂದಕ್ಕೆ ಸಾಣೆ ಹಿಡಿದರೆ ಮೂರಕ್ಕೂ ಒಂದೇ ತೂಕಕ್ಕೆ ಹಿಡಿಯಬೇಕು. ತೂಕ ಹೆಚ್ಚುಕಡಿಮೆಯಾದರೆ ಶಾಫ್ಟು ನಡುಗಿ ಬೇರಿಂಗ್ ಬೇಗ ಹೋಗುತ್ತದೆ. ಸ್ಕ್ರೂ ಬಿಗಿದ ಮೇಲೆ ಬೆಲ್ಟು ಹಿಡಿದು ಕೈಯಿಂದಲೇ ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಂಡು, ಆಮೇಲೆ ಫ್ಯೂಸ್ ಹಾಕಿ, ಪಕ್ಕಕ್ಕೆ ಸರಿದು ನಿಂತು ಒಂದು ನಿಮಿಷ ಖಾಲಿ ಓಡಿಸಬೇಕು. ನಿಲ್ಲಿಸಿ ಮತ್ತೊಮ್ಮೆ ಸ್ಕ್ರೂ ಬಿಗಿಯಬೇಕು. ಈ ಎರಡನೇ ಬಿಗಿತವನ್ನು ಬಿಡಬೇಡಿ.

ಮೇಜಿನ ಬಾಯಿಯನ್ನು ಹಾಗೇ ತೆರೆದಿಡುವಂತಿಲ್ಲ. ಅದಕ್ಕೆ ಕೂರುವ ಗಟ್ಟಿ ಪ್ಲೈವುಡ್ ತಟ್ಟೆ ಮಾಡಿ, ಹೆಡ್ ಕೆಳಗಿಳಿಸಿ, ತಟ್ಟೆಯನ್ನು ಎರಡು ಕಡೆ ಅದುಮಿ ಬಿಗಿದು, ಓಡುವ ಹೆಡ್ಡನ್ನು ನಿಧಾನವಾಗಿ ಮೇಲೆತ್ತಿದರೆ ಅದು ತನಗೆ ಬೇಕಾದಷ್ಟೇ ಕಿಂಡಿ ಕೊರೆದುಕೊಳ್ಳುತ್ತದೆ. ಮರವನ್ನು ಒರಗಿಸಿ ತಳ್ಳುವ ಗೈಡಿಗೂ ಹೀಗೇ ಒಂದು ಮರದ ಹಲಗೆ ಬಿಗಿಯಬೇಕು, ಇಲ್ಲದಿದ್ದರೆ ಅಲಗು ಕಬ್ಬಿಣಕ್ಕೆ ಬಡಿಯುತ್ತದೆ. ಮರವನ್ನು ಗೈಡಿಗೆ ಒತ್ತಿ ಹಿಡಿಯುವ ಕೆಲಸ ಕೈಯದಲ್ಲ. ಒಂದು ಹಲಗೆಯ ತುದಿಯನ್ನು ಓರೆಯಾಗಿ ಕೊಯ್ದು, ಬಾಚಣಿಗೆಯ ಹಲ್ಲಿನಂತೆ ಸೀಳಿ, ಮೇಜಿಗೆ ಕ್ಲ್ಯಾಂಪ್ ಹಾಕಿದರೆ ಆ ಹಲ್ಲುಗಳು ಮರವನ್ನು ಒತ್ತಿಕೊಂಡೇ ಇರುತ್ತವೆ, ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಬಿಡುವುದಿಲ್ಲ. ಪಕ್ಕದಿಂದ ಒಂದು, ಮೇಲಿನಿಂದ ಒಂದು ಇರಲಿ. ಕೊನೆಯ ಒಂದು ಅಡಿ ತಳ್ಳಲು ಕೋಲು. ಕೈಗೆ ಗ್ಲೌಸ್ ಬೇಡ, ಸಿಕ್ಕಿಕೊಂಡರೆ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ಲನ್ನು ಗೂಟಕ್ಕೆ ಹಾಕಿ ಬನ್ನಿ.

ಒಂದು ಸಲಕ್ಕೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ. ಅದಕ್ಕಿಂತ ಹೆಚ್ಚು ಬೇಡ. ಆಕಾರ ಅರ್ಧ ಇಂಚು ಆಳ ಇದ್ದರೆ ಐದು ಸಲ, ಸ್ವಲ್ಪ ಸ್ವಲ್ಪ ಎತ್ತರಿಸುತ್ತಾ. ಕೊನೆಯ ಸಲ ಅದರ ಅರ್ಧಕ್ಕೂ ಕಡಿಮೆ ತೆಗೆದರೆ ಮೈ ನುಣುಪಾಗಿ ಬರುತ್ತದೆ. ಹಲಗೆಯ ನಾಲ್ಕೂ ಅಂಚಿಗೆ ಬೀಡಿಂಗ್ ಹೊಡೆಯುವುದಾದರೆ ಮೊದಲು ಅಡ್ಡ ತುದಿ, ಆಮೇಲೆ ಉದ್ದದ ಅಂಚು. ಅಡ್ಡ ತುದಿಯಲ್ಲಿ ಎದ್ದ ಸಿಬಿರು ಉದ್ದದ ಸಲದಲ್ಲಿ ಹೋಗುತ್ತದೆ. ಇನ್ನು, ಮುಕ್ಕಾಲು ಇಂಚಿನ ಸಣ್ಣ ಪಟ್ಟಿಯನ್ನು ಹೆಡ್ ಮೇಲೆ ಯಾವತ್ತೂ ಓಡಿಸಬಾರದು. ಅದು ಕುಣಿದು ಚೂರಾಗುತ್ತದೆ, ಅದನ್ನು ಹಿಡಿದ ಬೆರಳಿಗೆ ತಡೆ ಇರುವುದಿಲ್ಲ. ನಾಲ್ಕೈದು ಇಂಚು ಅಗಲದ ಹಲಗೆಯ ಅಂಚಿಗೆ ಬೀಡಿಂಗ್ ಹೊಡೆದು, ಆಮೇಲೆ ಗರಗಸದ ಬಿಲ್ಲೆ ಹಾಕಿ ಆ ಪಟ್ಟಿಯನ್ನು ಸೀಳಿ ತೆಗೆಯುವುದು ಸರಿಯಾದ ಕ್ರಮ. ಬಿಲ್ಲೆ ಬದಲಿಸುವ ಬೇಸರಕ್ಕೆ ಇದನ್ನು ಬಿಡುವವರು ಹೆಚ್ಚು. ಒಂದೇ ಸಲ ಹತ್ತಾರು ಹಲಗೆಗಳ ಎರಡೂ ಅಂಚಿಗೆ ಹೊಡೆದಿಟ್ಟುಕೊಂಡರೆ ಆ ಬೇಸರವೂ ಇಲ್ಲ.

ನಮ್ಮ ಮರದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಕುಣಿಗಲ್ ಸೀಮೆಯ ದಾರಂದಗಳಿಗೆ ಬಳಸುವ ಬೇವು, ಹಲಸು ಕಾಡಿನಿಂದ ಬಂದದ್ದಲ್ಲ, ಹೊಲದ ಬದು, ಹಿತ್ತಲು, ರಸ್ತೆ ಪಕ್ಕದಿಂದ ಬಂದದ್ದು. ಅಂಥ ಮರಕ್ಕೆ ಯಾವ ಕಾಲದಲ್ಲೋ ಯಾರೋ ಬೋರ್ಡು ಹೊಡೆದಿರುತ್ತಾರೆ, ಬೇಲಿಯ ತಂತಿ ಸುತ್ತಿರುತ್ತಾರೆ, ಹಸು ಕಟ್ಟಲು ಬಳೆ ಬಡಿದಿರುತ್ತಾರೆ. ಮರ ಬೆಳೆಯುತ್ತಾ ಅದನ್ನೆಲ್ಲ ನುಂಗಿ ಮುಚ್ಚಿಕೊಂಡಿರುತ್ತದೆ. ಹಳೇ ಮನೆ ಕೆಡವಿ ತಂದ ತೊಲೆಗಳಲ್ಲಂತೂ ಮುರಿದ ಮೊಳೆ ಇಲ್ಲದ್ದೇ ಅಪರೂಪ. ಗಂಟೆಗೆ 96 ಕಿಲೋಮೀಟರ್ ವೇಗದ ಅಲಗಿಗೆ ಮೊಳೆ ಸಿಕ್ಕರೆ ಅಲಗಿನ ಚೂರು ಎತ್ತ ಹಾರುತ್ತದೋ ಹೇಳಲಾಗದು. ಹಳೇ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಉದ್ದಕ್ಕೂ ಇಳಿಬಿಟ್ಟರೆ, ಮೈಗೆ ಹತ್ತಿರವಿರುವ ಕಬ್ಬಿಣ ಅದನ್ನು ಸೆಳೆಯುತ್ತದೆ. ಮರದ ಮೇಲೆ ನೀಲಿ ಕಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇದೆಯೆಂದೇ ಅನುಮಾನಿಸಿ. ಬೇವಿನ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಒಂದು ಕಡೆ ನುಣುಪಾಗಿ ಬಂದದ್ದು ಒಂದಡಿ ಮುಂದೆ ಚಕ್ಕೆ ಏಳುತ್ತದೆ. ಅಂಥ ಕಡೆ ಅಲಗು ಹರಿತವಿರಬೇಕು, ತಳ್ಳುವುದು ನಿಧಾನವಿರಬೇಕು. ತೇಗ ಕೊಯ್ಯಲು ಸಲೀಸು ಅನ್ನಿಸಿದರೂ ಅದರೊಳಗಿನ ಸಿಲಿಕಾ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಗಂಟಿರುವ, ಸೀಳಿರುವ, ಹಸಿ ಇರುವ ಮರ ಈ ಹೆಡ್ಡಿಗೆ ಬೇಡವೇ ಬೇಡ. ಮೂಗಿಗೆ ಮಾಸ್ಕ್ ಇರಲಿ. ಮರದ ಧೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ.

ಇದನ್ನೆಲ್ಲ ನೋಡಿಕೊಳ್ಳಲು ಕಾನೂನಿಲ್ಲವೇ ಅಂದರೆ, ಇದೆ. ಯಂತ್ರಕ್ಕೆ ಕಾವಲು ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಆದರೆ ಅದು ವಿದ್ಯುತ್ ಬಳಸುವ, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಜಾಗಕ್ಕೆ ಬರೆದದ್ದು. ಕೆಲಸದ ಜಾಗದ ಸುರಕ್ಷತೆ ಕುರಿತ 2020ರ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿದೆ. ಆಚಾರ್ರು, ಅವರ ಮಗ, ಒಬ್ಬ ಹುಡುಗ ಇರುವ ಅಂಗಡಿಯ ಬಾಗಿಲಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಕಾವಲು ಅವರೇ ಇಟ್ಟುಕೊಳ್ಳಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಸೇರಿದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ ನೆರವು, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ ಸಿಗುತ್ತದೆ. ಒಳ್ಳೆಯದೇ. ಆದರೆ ಉಪಕರಣ ಕೊಟ್ಟಷ್ಟೇ ಒತ್ತಿ ಕಾವಲನ್ನೂ ಕಲಿಸಬೇಕು. ತರಬೇತಿಗೆ ಹೋಗುವವರು ನಾಚದೆ ಕೇಳಿ: ಮುಚ್ಚಳ ತೆಗೆದು ಮಾಡುವ ಕೆಲಸಕ್ಕೆ ಏನು ಉಪಾಯ, ತೋರಿಸಿ. ಬೆಂಗಳೂರಿನ ಮಲ್ಲೇಶ್ವರದ ಐಡಬ್ಲ್ಯೂಎಸ್‌ಟಿಯಲ್ಲಿ, ಅಂದರೆ ಕೇಂದ್ರ ಸರ್ಕಾರದ ಮರ ವಿಜ್ಞಾನ ಸಂಸ್ಥೆಯಲ್ಲಿ, ಆಧುನಿಕ ಮರಗೆಲಸದ ತರಬೇತಿ ಕೇಂದ್ರವೇ ಇದೆ. ಕುಣಿಗಲ್ಲಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಮಗನನ್ನು ಅಂಗಡಿಗೆ ಹಾಕಿಕೊಳ್ಳುವ ಮುಂಚೆ ಅಲ್ಲಿಗೆ ಕಳಿಸುವ ಯೋಚನೆ ಮಾಡಬಹುದು.

ಹಾಗಾದರೆ ಕೊಳ್ಳಬೇಕೋ ಬೇಡವೋ? ನನ್ನ ಅಭಿಪ್ರಾಯ ಹೀಗೆ. ಅಪರೂಪಕ್ಕೊಮ್ಮೆ ಬೀಡಿಂಗ್ ಮಾಡುವ ಅಂಗಡಿಗೆ ಬೇಡ. ಅಂಥವರು ಕೈ ರೂಟರನ್ನು ಒಂದು ಗಟ್ಟಿ ಮೇಜಿನ ಕೆಳಗೆ ಬಿಗಿದುಕೊಂಡರೆ ಸಾಕು. ರೂಟರ್ ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ತಿರುಗಿದರೂ ಅದರ ಬಿಟ್ ಸಣ್ಣದು. ಒಂದು ಇಂಚಿನ ಬಿಟ್ಟಿನ ಅಂಚಿನ ವೇಗ ಹೆಚ್ಚುಕಡಿಮೆ ಆ ಏಳು ಇಂಚಿನ ಹೆಡ್ಡಿನಷ್ಟೇ. ಆದರೆ ಹೊರಗೆ ಕಾಣುವುದು ಹೆಬ್ಬೆರಳಿನಷ್ಟು ಮಾತ್ರ. ಅದಕ್ಕೆ ಮುಚ್ಚಳ ಹಾಕಿಕೊಂಡೇ ಕೆಲಸ ಮಾಡಬಹುದು. ಅದರಿಂದಲೂ ಗಾಯವಾಗುತ್ತದೆ, ಎಚ್ಚರ ಅಲ್ಲೂ ಬೇಕು. ದಿನವಿಡೀ ಬೀಡಿಂಗ್ ಕೆಲಸ ಇರುವವರು ಅದಕ್ಕೆಂದೇ ಇರುವ ಸ್ಪಿಂಡಲ್ ಮೋಲ್ಡರ್ ಕೊಳ್ಳಲಿ. ನಡುವಿನ ಕೆಲವರು ಉಳಿಯುತ್ತಾರೆ. ಎರಕದ ಭಾರಿ ಮೇಜು, ಅಲುಗದ ಶಾಫ್ಟು, ಒಳ್ಳೆಯ ಬೇರಿಂಗು, ಸರಿಯಾದ ಸ್ಟಾರ್ಟರ್ ಇರುವವರು, ಒಂದೇ ಆಕಾರದ ನೇರ ಬೀಡಿಂಗನ್ನು ನೂರಾರು ಅಡಿ ತೆಗೆಯಬೇಕಾದವರು. ಅವರಿಗೆ ಈ ಹೆಡ್ ಒಳ್ಳೆಯ ಸಾಮಾನು. ಅಂಗಡಿಯ ಹುಡುಗರಿಗಲ್ಲ, ಯಂತ್ರ ಬಲ್ಲ ಒಬ್ಬರ ಕೈಗೆ ಮಾತ್ರ.

ಕೈ ಹೋದಾಗ ಏನು ಮಾಡಬೇಕೆಂಬುದನ್ನೂ ಅಂಗಡಿಯ ಎಲ್ಲರೂ ತಿಳಿದಿರಬೇಕು. ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸ್ ಮೇಲಿಡಿ. ಐಸ್ ಬೆರಳಿಗೆ ನೇರ ತಾಗಬಾರದು. 108ಕ್ಕೆ ಫೋನ್ ಮಾಡಿ. ಅರಿಶಿನ, ಕಾಫಿಪುಡಿ ಏನನ್ನೂ ಹಾಕಬೇಡಿ.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಬಾಗಿಲು ಇಡುವ ಮುಹೂರ್ತ ಗೊತ್ತಾದ ಮೇಲೆ ಮರ ತಂದು ಹಾಕಿ, ನಾಳಿದ್ದಿಗೆ ಆಗಲೇಬೇಕು ಅಂತ ಆಚಾರ್ರ ತಲೆ ಮೇಲೆ ಕೂರಬೇಡಿ. ರಾತ್ರಿ ಹತ್ತಕ್ಕೆ ನಿದ್ದೆಗಣ್ಣಿನಲ್ಲಿ ಓಡಿಸುವ ಯಂತ್ರ ಇದಲ್ಲ. ಮರವನ್ನು ಮುಂಚೆಯೇ ಕೊಡಿ, ಒಣಗಲು ಬಿಡಿ, ಬೀಡಿಂಗಿನ ಕೆಲಸಕ್ಕೆ ಬೇರೆ ಕೂಲಿ ಕೊಡಿ, ಎರಡು ದಿನ ಹೆಚ್ಚು ಹಿಡಿದರೆ ಹಿಡಿಯಲಿ ಅನ್ನಿ.